ಬ್ಲಫ್ ಅಕ್ಕ ಮತ್ತು ಐದು ಹನ್ನೊಂದರ ಕರೆ

ಬ್ಲಫ್ ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಮದ್ದೂರಿನ ಶಾಲೆಯ ಕಚೇರಿಯಲ್ಲಿ ಮಕ್ಕಳ ವರ್ಗಾವಣೆ ಪತ್ರಗಳಿಗೆ ಮೊಹರು ಒತ್ತುತ್ತಿದ್ದೆ. ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿ, "ಅಕ್ಕ ಓಗ್ಬುಟ್ರು ಕಣೆ," ಎಂದಳು. ನನ್ನ ಬಾಯಿಂದ ಮೊದಲು ಬಂದ ಮಾತು, "ಎಷ್ಟು ಗಂಟೇಲಿ?"

ಅವಳು, "ನೀನೂ ಅವರಂಗೇ ಆಗೋಗಿದ್ದೀಯ," ಎಂದಳು.

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಶಿವನಸಮುದ್ರದ ಹತ್ತಿರದ ಬ್ಲಫ್‌ನಲ್ಲಿ, ವಿದ್ಯುತ್ ಕೇಂದ್ರದ ನೌಕರರ ಮನೆಗಳ ಸಾಲಿನಲ್ಲಿ ಹುಟ್ಟಿ ಬೆಳೆದವರಾದ್ದರಿಂದ ಎಲ್ಲರಿಗೂ ಬ್ಲಫ್ ಅಕ್ಕ. ಅವರೂ ನಮ್ಮನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೂರುವ ಜಾಗದ ಸಂಖ್ಯೆಯೇ ನಮ್ಮ ಹೆಸರು. ನಾನು "ನಾಕ್ನೇ ಸೀಟು". ಮುದ್ದು ಬಂದಾಗ "ನಾಕವ್ವ".

ಮಂಡ್ಯದಲ್ಲಿ ಆಗ ಕರೆಂಟಿನ ದೂರು ಕೇಳುವ ಒಂದು ಸಣ್ಣ ಕೇಂದ್ರವಿತ್ತು. ಗುತ್ತಿಗೆದಾರನೊಬ್ಬ ನಡೆಸುತ್ತಿದ್ದ; ಈಗ ಅದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಕರೆ ಬರುತ್ತಿತ್ತು. ಆರು ಸೀಟು, ಆರು ಫೋನು. ಕರೆ ಬಂದರೆ ಊರು ಕೇಳಿ, ದೂರನ್ನು ಕಂಪ್ಯೂಟರಿನಲ್ಲಿ ಬರೆದು, ಆ ಭಾಗದ ಲೈನ್‌ಮನ್‌ಗೆ ತಿಳಿಸುವುದು ನಮ್ಮ ಕೆಲಸ. ಪ್ರತಿ ಕರೆಯೂ ಒಳಕೋಣೆಯ ಯಂತ್ರವೊಂದರಲ್ಲಿ ರೆಕಾರ್ಡ್ ಆಗುತ್ತಿತ್ತು. ಆ ಕೋಣೆ ಅಕ್ಕನದು. ಕೊರಳಿಗೆ ಹೆಡ್‌ಫೋನು, ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಂಡ ಎಡಗೈ, ಮುಂದೆ ಡಬ್ಬಿಯಲ್ಲಿ ಮುದ್ದೆ ಉಪ್ಸಾರು. ಬೇಡದ ರೆಕಾರ್ಡುಗಳನ್ನು ಅಳಿಸುವುದು, ಮೇಲಿನವರು ಕೇಳಿದ್ದನ್ನು ಹುಡುಕಿಕೊಡುವುದು ಅವರ ಕೆಲಸ. ಆದರೆ ಅವರು ಅಳಿಸುವ ಮೊದಲು ಪ್ರತಿಯೊಂದನ್ನೂ ಒಂದಷ್ಟಾದರೂ ಕೇಳುತ್ತಿದ್ದರು. ಯಾಕಕ್ಕ ಅಂದರೆ, "ಅವರು ಮಾತಾಡವ್ರೆ ಕಣವ್ವ, ಯಾರಾರ ಕೇಳ್ಬೇಕಲ್ಲ," ಅನ್ನುವರು. ಅದೇ ಕಾರಣ.

ಆ ರೆಕಾರ್ಡುಗಳಿಗೆ ಯಂತ್ರ ತಾನೇ ಹೆಸರಿಡುತ್ತಿತ್ತು. ಅಡ್ಡಗೆರೆ, ಅಂಕಿ, ಅಡ್ಡಗೆರೆ, ಅಂಕಿ. ನಮಗೆ ಅದು ಗೋಡೆಯ ಮೇಲಿನ ಇರುವೆ ಸಾಲು. ಅಕ್ಕ ಅದನ್ನು ಜಾತಕ ಓದುವಂತೆ ಓದುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಬೆರಳಿಟ್ಟು ತೋರಿಸಿದ್ದರು. ಮೊದಲು ಕರೆ ಒಳಗೆ ಬಂದದ್ದೋ ಹೊರಗೆ ಹೋದದ್ದೋ ಎಂಬ ಗುರುತು. ಆಮೇಲೆ ಸೀಟು. ಆಮೇಲೆ ಕರೆ ಮಾಡಿದವರ ನಂಬರು. ಆಮೇಲೆ ತಾರೀಖು, ಕೊನೆಗೆ ಗಂಟೆ ನಿಮಿಷ.

"ಈ ಎಸ್ರಲ್ಲಿರೋ ಟೈಮು ಫೋನು ಬಡ್ಕೊಳಕ್ಕೆ ಸುರುವಾದ ಟೈಮು ಕಣವ್ವ, ನೀನು ಎತ್ತುದ್ ಟೈಮಲ್ಲ. ಎರಡರ ಮಧ್ಯ ಆ ವಯ್ಯ ಕಾಯ್ತಾ ನಿಂತಿದ್ದ. ಆ ಕಾಯೋದು ಯಾವ ಫೈಲಲ್ಲೂ ಇರಕಿಲ್ಲ. ನಾವೇ ಲೆಕ್ಕ ಆಕ್ಕೊಬೇಕು."

ಅವರ ಅಪ್ಪ ವಿದ್ಯುತ್ ಕೇಂದ್ರದಲ್ಲಿ ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಪುಸ್ತಕದಲ್ಲಿ ಬರೆಯುವವರಾಗಿದ್ದರಂತೆ. ಏಳು ಗಂಟೆಯ ಮೀಟರನ್ನು ಏಳೂ ಮೂರಕ್ಕೆ ನೋಡಿದ್ದರೆ ಏಳೂ ಮೂರು ಎಂದೇ ಬರೆಯುತ್ತಿದ್ದರು. ಅಚ್ಚುಕಟ್ಟಾಗಿ ಏಳು ಎಂದು ಬರೆಯುವ ಜೊತೆಗಾರರು ನಗುತ್ತಿದ್ದರಂತೆ. "ನಮ್ಮಪ್ಪನ ಪುಸ್ತಕ ನೋಡಕ್ಕೆ ಗಲೀಜಾಗಿರದು," ಎನ್ನುವಾಗ ಅಕ್ಕನ ಮುಖದಲ್ಲಿ ಹೆಮ್ಮೆ.

ಆ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರುವುದು ನನಗೆ ಆಗುತ್ತಿರಲಿಲ್ಲ. ಒಮ್ಮೆ ಅವರು ಒಂದು ರೆಕಾರ್ಡು ಹಾಕಿದರು. ಬಂಡೂರಿನ ಕಡೆಯ ಮುದುಕಿಯೊಬ್ಬಳು ಮನೆಯಲ್ಲಿ ಮೂರು ದಿನದಿಂದ ದೀಪವಿಲ್ಲ ಎಂದು ಬೈಯುತ್ತಿದ್ದಳು. ಹಿಂದೆ ಕುರಿಗಳ ಸದ್ದು. ನಾನು ನಕ್ಕೆ. ಅಕ್ಕ ನಗಲಿಲ್ಲ. "ಈವಮ್ಮ ಓದ್ ತಿಂಗ್ಳು ತೀರ್ಕಂಡ್ರು. ಮಗ ಮೀಟ್ರು ತೆಗ್ಸಿ ಅಂತ ಫೋನ್ ಮಾಡಿದ್ದ," ಎಂದರು. ಆಮೇಲೆ ಯಂತ್ರದ ಕಡೆ ನೋಡುತ್ತಾ, "ಸತ್ತೋರು ಬದ್ಕಿರೋರು ಎಲ್ಲ ಒಂದೇ ಸಾಲಲ್ಲಿ ಕುಂತವ್ರೆ ಇದರೊಳ್ಗೆ. ಎಸ್ರು ನೋಡುದ್ರೆ ಗೊತ್ತಾಗಕಿಲ್ಲ," ಅಂದರು.

ನಾನು ಹೇಳಬೇಕೆಂದಿರುವುದು ಒಂದು ಮುಂಗಾರಿನ ಸಂಗತಿ.

ಕೆರಗೋಡಿನ ಕಡೆಯ ಹಳ್ಳಿಯೊಂದರಲ್ಲಿ ರೈತರೊಬ್ಬರು ಬೆಳಿಗ್ಗೆ ಎಂಟೂವರೆಗೆ ತಮ್ಮ ಗದ್ದೆಯಲ್ಲಿ ಕರೆಂಟು ಹೊಡೆದು ಸತ್ತರು. ತುಂಡಾದ ತಂತಿ ಗದ್ದೆಯ ಬದುವಿನ ಮೇಲಿತ್ತು. ಹೆಣದ ಪಕ್ಕದಲ್ಲಿ ಉದ್ದನೆಯ ಹಸಿ ಬಿದಿರು ಗಳ. ನಮ್ಮ ಕೇಂದ್ರಕ್ಕೆ ಆ ಬಗ್ಗೆ ಮೊದಲ ದೂರು ದಾಖಲಾದದ್ದು ಎಂಟೂ ಐವತ್ತಕ್ಕೆ, ಪಕ್ಕದ ಗದ್ದೆಯವನಿಂದ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಗಳ ಇತ್ತಲ್ಲ, ಅದನ್ನು ನೋಡಿದ ಇಲಾಖೆಯವರು ವರದಿಯ ಕಾಗದದಲ್ಲಿ ಬರೆದರು: ಮೃತರು ಪಂಪ್‌ಸೆಟ್ಟಿಗೆ ಕರೆಂಟು ಕದಿಯಲು ಗಳದಿಂದ ತಂತಿಗೆ ಕೊಕ್ಕೆ ಹಾಕುವಾಗ ತಂತಿ ಹರಿದು ಬಿದ್ದಿದೆ.

ಹತ್ತು ಹನ್ನೆರಡು ದಿನ ಕಳೆದು ಅವರ ಹೆಂಡತಿ ನಮ್ಮ ಕೇಂದ್ರಕ್ಕೆ ಬಂದರು. ಐವತ್ತರ ಹತ್ತಿರದ ಹೆಂಗಸು. ಬಾಗಿಲಲ್ಲೇ ನಿಂತು, ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದರು.

"ನನ್ ಗಂಡ ಕಳ್ಳ ಅಲ್ಲ. ನಿಮ್ಗೆ ಫೋನ್ ಮಾಡಿದ್ರು. ತಂತಿ ಬಿದ್ದದೆ ಬನ್ನಿ ಅಂತ. ನನ್ ಮುಂದ್ಗಡೆನೇ ಮಾಡಿದ್ರು. 'ಕಳುಸ್ತರಂತೆ ಕಣೆ' ಅಂದ್ರು. ಎಂಟ್ಗಂಟೆಗಂಟ ಕಾದ್ರು, ಯಾರೂ ಬರ್ನಿಲ್ಲ. ನಾಟಿ ಆಕಕ್ಕೆ ಎಣ್ಣಾಳು ಬತ್ತವ್ರೆ ಅಂತ ಗಳ ತಗಂಡು ತಂತಿ ಅತ್ಲಾಗ್ ನೂಕಕ್ಕೋದ್ರು. ಈಗ ಊರಲ್ಲಿ ನನ್ನ ಕರೆಂಟ್ ಕಳ್ಳನ ಎಡ್ತಿ ಅಂತರೆ."

ಮ್ಯಾನೇಜರು ಹೊರಗೆ ಬಂದು, ಆ ದಿನದ ರೆಕಾರ್ಡುಗಳನ್ನೆಲ್ಲ ನೋಡಿದ್ದೇವೆ, ನಿಮ್ಮ ಯಜಮಾನರ ನಂಬರಿನಿಂದ ಒಂದು ಕರೆಯೂ ಇಲ್ಲ ಎಂದರು. ಅವರು ನೋಡಿದ್ದು ನಿಜ. ಸತ್ತವರ ಫೋನು ಗದ್ದೆಯ ಕೆಸರಿಗೆ ಬಿದ್ದು ಹಾಳಾಗಿತ್ತು. ಫೋನ್ ಕಂಪನಿಯಿಂದ ವಿವರ ತರಿಸಲು ಈಕೆಗೆ ದಾರಿ ತಿಳಿಯದು. ಅಂದು ಬೆಳಗಿನ ಪಾಳಿಯಲ್ಲಿದ್ದ ನಾವು ಮೂವರೂ ಅಂಥ ಕರೆ ಬಂದಿಲ್ಲವೆಂದು ಬರೆದುಕೊಟ್ಟಿದ್ದೆವು. ನಾನೂ ಬರೆದುಕೊಟ್ಟಿದ್ದೆ. ಸುಳ್ಳು ಬರೆಯುತ್ತಿದ್ದೇನೆಂದು ನನಗೆ ಅನಿಸಿರಲಿಲ್ಲ.

ಅಕ್ಕ ಒಳಕೋಣೆಯಿಂದ ಎದ್ದು ಬಂದು ಆಕೆಯನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು.

"ನಿಮ್ಮೆಜಮಾನ್ರು ಫೋನ್ ಮಾಡ್ದಾಗ ಎಷ್ಟೊತ್ತವ್ವ?"

"ಟೈಮ್ ಗೊತ್ತಿಲ್ಲ ಕಣಮ್ಮ. ಡೈರಿಗೆ ಆಲು ಆಕಕ್ಕೆ ಓಗಕ್ ಮುಂಚೆ. ಇನ್ನೂ ಮಬ್ಬು ಮಬ್ಬು."

"ಎಲ್ಲಿ ನಿಂತಿದ್ರು?"

"ಕೊಟ್ಗೆ ತಾವು. ಎಮ್ಮೆ ಅರಚ್ತಾ ಇತ್ತು ಅಂತ ಅದರ ಬೆನ್ನಿಗೆ ಒಂದು ಬುಟ್ರು. ಆಮ್ಯಾಕೆ ಮಾತಾಡುದ್ರು."

ಅಕ್ಕ ತಲೆಯಾಡಿಸಿ ಒಳಗೆ ಹೋದರು. ಮುಂದಿನ ಮೂರು ದಿನ ಆ ಬಾಗಿಲು ಹೆಚ್ಚು ತೆರೆಯಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ನನ್ನ ಪಾಳಿ ಮುಗಿದ ಮೇಲೆ ಕರೆದರು. "ನಾಕವ್ವ, ಬಾ ಇಲ್ಲಿ. ಕುಂತ್ಕೊ." ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದರು. ಪರದೆಯ ಮೇಲಿದ್ದ ರೆಕಾರ್ಡಿನ ಹೆಸರಲ್ಲಿ ವೇಳೆ ಮೂರೂವರೆ, ಅಂದರೆ ಬೆಳಗಿನ ಜಾವ. ಯಾರೋ ಮೇಷ್ಟರು ಶಾಲೆಯಲ್ಲಿ ಕರೆಂಟಿಲ್ಲ ಎನ್ನುತ್ತಿದ್ದರು. ಅವರ ಹಿಂದೆ ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಹೇಳುತ್ತಿದ್ದರು.

ಹೆಡ್‌ಫೋನನ್ನು ಕಿವಿಯಿಂದ ಸರಿಸಿ ಅಕ್ಕನ ಕಡೆ ನೋಡಿದೆ. ಜಾವ ಮೂರೂವರೆಗೆ ಶಾಲೆಯಲ್ಲಿ ಮಕ್ಕಳೇ?

"ಎದ್ರುಕೋಬ್ಯಾಡ," ಎಂದರು ಅಕ್ಕ. "ದೆವ್ವ ಅಲ್ಲ. ಅದು ಒಂಬತ್ತು ಗಂಟೆ. ಓದ್ ತಿಂಗ್ಳು ಯಂತ್ರ ಕೆಟ್ಟು ಒಸದು ತಂದ್ರಲ್ಲ, ಅದಕ್ಕೆ ನಮ್ ದೇಸದ ಟೈಮ್ ಆಕೇ ಇಲ್ಲ ಇವ್ರು. ಲೋಕಕ್ಕೆಲ್ಲ ಒಂದು ಟೈಮ್ ಇರ್ತದಲ್ಲ, ಅದರಲ್ಲಿ ಓಡ್ತಾ ಅದೆ. ನಮ್ಮದಕ್ಕಿಂತ ಐದೂವರೆ ಗಂಟೆ ಇಂದಕ್ಕೆ. ಗಡಿಯಾರ ಸುಳ್ಳೇಳಕಿಲ್ಲ ಕಣವ್ವ. ಯಾವೂರ್ ಗಡಿಯಾರ ಅಂತ ಕೇಳ್ಬೇಕು ಅಷ್ಟೆ."

ಆಮೇಲೆ ಅವರು ರೈತ ಸತ್ತ ದಿನದ ಪಟ್ಟಿಯನ್ನು ಮುಚ್ಚಿ ಅದರ ಹಿಂದಿನ ದಿನದ್ದನ್ನು ತೆರೆದರು. ನನಗೆ ಮೆಲ್ಲಗೆ ಅರ್ಥವಾಗತೊಡಗಿತು. ಬೆಳಿಗ್ಗೆ ಐದೂವರೆಗಿಂತ ಮುಂಚೆ ಬಂದ ಕರೆಗೆ ಈ ಯಂತ್ರ ಹಿಂದಿನ ದಿನದ ತಾರೀಖು ಹಾಕಿರುತ್ತದೆ. ಎಲ್ಲರೂ ಆ ದಿನದ ಪಟ್ಟಿಯಲ್ಲಷ್ಟೇ ಹುಡುಕಿದ್ದರು. ಅಕ್ಕನ ಬೆರಳು ಪರದೆಯ ಮೇಲೆ ಒಂದು ಸಾಲಿಗೆ ಬಂದು ನಿಂತಿತು. ಹಿಂದಿನ ದಿನ, ರಾತ್ರಿ ಹನ್ನೊಂದೂ ನಲವತ್ತೊಂದು. ಐದೂವರೆ ಗಂಟೆ ಸೇರಿಸಿದರೆ ಬೆಳಿಗ್ಗೆ ಐದೂ ಹನ್ನೊಂದು. ಸತ್ತವರ ನಂಬರು. ನಾಲ್ಕನೇ ಸೀಟು.

ಮೊದಲು ನನ್ನದೇ ದನಿ. ನಮಸ್ಕಾರ, ಹೇಳಿ ಸಾರ್. ಆಮೇಲೆ ಎಮ್ಮೆಯ ಕೂಗು, ಬೆನ್ನಿಗೆ ಬಿದ್ದ ಏಟಿನ ಸದ್ದು.

"ತಾಯಿ, ನಮ್ ಗದ್ದೆ ಬದೀನ್ ಮ್ಯಾಲೆ ತಂತಿ ಬಿದ್ದದೆ. ಒಸಿ ಬೇಗ ಯೋಳಿ ತಾಯಿ. ಎಂಟ್ಗಂಟೆಗೆ ನಾಟಿಗೆ ಎಣ್ಣಾಳು ಬತ್ತರೆ."

ನಾನು ಊರು ಕೇಳಿದೆ. ಅವರು ಹೇಳಿದರು. "ಆಯ್ತು ಸಾರ್, ಕಳಿಸ್ತೀವಿ," ಎಂದೆ.

"ಅಷ್ಟ್ ಮಾಡಿ ತಾಯಿ. ನಾನ್ ಇಲ್ಲೇ ಕಾಯ್ತಿರ್ತೀನಿ."

ಅಷ್ಟೇ. ಒಂದು ನಿಮಿಷವೂ ಇಲ್ಲ. ಅಂದು ಬೆಳಿಗ್ಗೆ ನನ್ನ ಕಂಪ್ಯೂಟರು ತೆರೆಯಲು ತಡಮಾಡಿತ್ತು ಎಂಬುದು ನೆನಪಿದೆ. ಹಿಂದಿನ ದಿನದ ಗಾಳಿಗೆ ಎಲ್ಲ ಕಡೆ ಕರೆಂಟು ಹೋಗಿ ಫೋನುಗಳು ಬಡಿದುಕೊಳ್ಳುತ್ತಿದ್ದುದೂ ನೆನಪಿದೆ. ಆಮೇಲೆ ಬರೆದುಕೊಳ್ಳೋಣ ಎಂದು ಬಿಟ್ಟಿರಬೇಕು. ಆದರೆ ಈ ಮನುಷ್ಯನ ದನಿ ಮಾತ್ರ ನನ್ನ ನೆನಪಿನಲ್ಲಿ ಎಲ್ಲೂ ಇರಲಿಲ್ಲ. ಮೊದಲ ಬಾರಿ ಕೇಳುವಂತೆ ಕೇಳಿದೆ. ನಾನು ಮಾತಾಡಿದ್ದು ಕೇಳಿಸುತ್ತಿದೆ, ಆದರೆ ಅಲ್ಲಿ ನಾನು ಇರಲೇ ಇಲ್ಲ.

ಹೆಡ್‌ಫೋನು ತೆಗೆದು ಅಕ್ಕನ ಕೈ ಹಿಡಿದುಕೊಂಡೆ. "ಅಕ್ಕ, ಈ ಪಟ್ಟಿಯಲ್ಲಿ ನೋಡ್ಬೇಕು ಅಂತ ಯಾರಿಗೂ ಗೊತ್ತಿಲ್ಲ ಅಕ್ಕ."

"ನಂಗೊತ್ತಲ್ಲವ್ವ."

ನಾನು ಅತ್ತೆ. ಮನೆಯ ಕಷ್ಟ ಹೇಳಿಕೊಂಡೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನನ್ನ ಅಳು ನಿಲ್ಲುವವರೆಗೂ ಕಾದು ಹೇಳಿದರು: "ಫೈಲು ನಾನು ಕೊಡ್ತೀನಿ. ಅದು ನನ್ ಕೆಲ್ಸ. ದನಿ ಯಾರ್ದು ಅಂತ ನಾನ್ ಯೋಳಕಿಲ್ಲ."

ವಿಚಾರಣೆಗೆ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದರು. ಬೆಳಗಿನ ಪಾಳಿಯ ನಮ್ಮ ಮೂವರನ್ನೂ ಕರೆಸಿ ಕೂರಿಸಿದ್ದರು. ಸತ್ತವರ ಹೆಂಡತಿಯೂ ಗೋಡೆಗೆ ಒರಗಿ ಕೂತಿದ್ದರು. ಅಕ್ಕ ರೆಕಾರ್ಡು ಕೇಳಿಸಿದರು. ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಮ್ಮೆ ಕೂಗಿದಾಗ ಅವರ ಕಣ್ಣು ಬಾಗಿಲ ಕಡೆ ಹೋಯಿತು, ಎಮ್ಮೆ ಹೊರಗೆ ಕಟ್ಟಿದೆಯೇನೋ ಎಂಬಂತೆ.

ಆದರೆ ಮ್ಯಾನೇಜರು ಬಿಡಲಿಲ್ಲ. ಹಿಂದಿನ ರಾತ್ರಿ ಅದೇ ಊರಿನಲ್ಲಿ ಗಾಳಿಗೆ ಒಂದು ತಂತಿ ಬಿದ್ದಿತ್ತು. ಲೈನ್‌ಮನ್ ಹೋಗಿ ಸರಿಮಾಡಿ ಬಂದದ್ದು ರಿಜಿಸ್ಟರಿನಲ್ಲಿತ್ತು. "ಫೈಲಿನ ಹೆಸರೇ ಹೇಳ್ತದಲ್ಲ ಸಾರ್, ಹಿಂದಿನ ರಾತ್ರಿ ಹನ್ನೊಂದೂ ನಲವತ್ತೊಂದು. ಆ ತಂತಿಗೆ ಮಾಡಿದ ಕರೆ ಇದು. ಅದನ್ನ ಸರಿಮಾಡಿದ್ದೀವಿ. ಬೆಳಿಗ್ಗೆ ಇವರೇ ಗಳ ಹಾಕಿ ಕೆಡವಿದ್ದು," ಎಂದರು.

ಅಕ್ಕ ಶಾಲೆಯ ಮಕ್ಕಳ ಪ್ರಾರ್ಥನೆ ಕೇಳಿಸಿದರು. ಐದೂವರೆ ಗಂಟೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ಫೈಲಲ್ಲಿ ವೇಳೆ ತಪ್ಪಿದ್ರೆ ಎಲ್ಲದರಲ್ಲೂ ತಪ್ಪಿರಬೇಕು ಅಂತ ಇಲ್ವಲ್ಲಮ್ಮ," ಎಂದರು. ಕೆಟ್ಟ ಮನುಷ್ಯರಲ್ಲ, ಅವರಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲ. ಕೊನೆಗೆ ಕೇಳಿದರು, "ನಾಲ್ಕನೇ ಸೀಟಲ್ಲಿ ರಾತ್ರಿ ಪಾಳಿಗೆ ಒಬ್ಬರು, ಬೆಳಿಗ್ಗೆ ಇನ್ನೊಬ್ಬರು ಕೂರ್ತಾರಲ್ಲ, ಈ ಕರೆ ತೆಗೆದುಕೊಂಡವರು ಯಾರು?"

ಅಕ್ಕ ನನ್ನ ಕಡೆ ನೋಡಲಿಲ್ಲ. ತಮ್ಮ ಮಣಿಕಟ್ಟು ತಿರುಗಿಸಿ ಗಡಿಯಾರ ನೋಡಿಕೊಂಡರು. ಆ ಸುಮ್ಮನಿರುವಿಕೆ ಎಷ್ಟು ಹೊತ್ತಿತ್ತೋ, ಅವರನ್ನು ಕೇಳಿದ್ದರೆ ಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತಿದ್ದರು.

ನಾನು ಎದ್ದು ನಿಂತೆ. "ನನ್ನ ದನಿ ಸಾರ್. ಹಿಂದಿನ ರಾತ್ರಿ ನಾನು ಚಿಕ್ಕಮ್ಮನ ಮನೇಲಿ ಮಲಗಿದ್ದೆ. ಬೆಳಿಗ್ಗೆ ಐದಕ್ಕೆ ಪಾಳಿಗೆ ಬಂದೆ. ಹಾಜರಿ ಪುಸ್ತಕದಲ್ಲಿ ಸಹಿ ಇದೆ. ದೂರು ಬರ್ಕೊಂಡಿಲ್ಲ. ನಾನೇ ಮರೆತೆ."

ಕಾಗದದಿಂದ ಕಳ್ಳತನದ ಮಾತು ಹೋಯಿತು. ಮೃತರು ಅಪಾಯದ ಬಗ್ಗೆ ಮೊದಲೇ ತಿಳಿಸಿದ್ದರು ಎಂದು ಸೇರಿತು. ನನ್ನನ್ನು ಅಂದೇ ಕೆಲಸದಿಂದ ತೆಗೆದರು. ಹೊರಗೆ ಬರುವಾಗ ಆ ತಾಯಿ ಮೆಟ್ಟಿಲ ಬಳಿ ನನ್ನನ್ನು ತಡೆದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಅವರು ಫೋನ್ ಮಡಗಿದ್ಮ್ಯಾಲೆ ನೀನು ಏನ್ ಮಾಡ್ದೆ?"

"ನೆನಪಿಲ್ಲಮ್ಮ."

"ನೆನಪಿಲ್ವ," ಎಂದು ಅವರು ನಿಧಾನವಾಗಿ ಹೇಳಿ, ಮೆಟ್ಟಿಲಿಳಿದು ಕೆರಗೋಡಿನ ಬಸ್ಸಿಗೆ ಹೋದರು.

ಎರಡು ತಿಂಗಳಲ್ಲಿ ಅಕ್ಕನನ್ನೂ ಬರಬೇಡಿ ಎಂದರು. ತಮಗೆ ಹೇಳದ ಫೈಲುಗಳನ್ನು ತೆರೆದರು ಎಂಬುದು ಕಾರಣ. ಮರುವರ್ಷ ಕೇಂದ್ರವೇ ಮುಚ್ಚಿತು. ಯಂತ್ರವನ್ನು ಯಾರು ಒಯ್ದರೋ ತಿಳಿಯದು. ಅಕ್ಕ ಮಳವಳ್ಳಿಯ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ನಾನು ವರ್ಷಕ್ಕೆರಡು ಬಾರಿಯಾದರೂ ಮದ್ದೂರಿನಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಯಂತ್ರದ ಬೆಳಕು ಅವರ ಗಲ್ಲದ ಕೆಳಗೆ ಹಾದು ಹೋಗುತ್ತಿತ್ತು. ಪಹಣಿ, ಆಧಾರು, ಮರಣ ಪತ್ರ. ತಾರೀಖು ಸರಿಯಿಲ್ಲದ ಕಾಗದ ಬಂದರೆ ಗಿರಾಕಿಗೆ ಅಲ್ಲೇ ಹೇಳುವರು, "ಇದು ತಪ್ಪದೆ, ತಿದ್ದಿಸ್ಕೊಂಡ್ ಬಾ ಓಗು." ಮಾಲೀಕನಿಗೆ ತಲೆನೋವು.

ಆ ಕರೆಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಬರುವಾಗ ಮಾತ್ರ ಪ್ರತಿ ಬಾರಿ ಕೇಳುವರು, "ನಿದ್ದೆ ಬತ್ತದಾ?"

"ಬರ್ತದೆ ಅಕ್ಕ."

"ಸುಳ್ಳು," ಎಂದು ನನ್ನ ಕೈಗೆ ಬಾಳೆಹಣ್ಣು ಕೊಡುವರು.

ನಿದ್ದೆ ಬರುತ್ತಿತ್ತು. ಎಚ್ಚರವಾಗಿದ್ದಾಗಲೇ ತೊಂದರೆ. ಶಾಲೆಯ ಫೋನು ರಿಂಗಾದರೆ ಎತ್ತುವ ಮೊದಲೇ ಎಮ್ಮೆ ಕೂಗಿದಂತಾಗುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ, ಬಸ್ಸಿನ ಕಿಟಕಿಯ ಪಕ್ಕ, ಎಲ್ಲಿಂದಲೋ ಆ ದನಿ: ನಾನ್ ಇಲ್ಲೇ ಕಾಯ್ತಿರ್ತೀನಿ. ಒಂದೇ ಸಲ ಕಿವಿಗೆ ಹಾಕಿಕೊಂಡು ಕೇಳಿದ್ದು, ವಿಚಾರಣೆಯಲ್ಲಿ ಇನ್ನೊಂದು ಸಲ. ಆದರೂ ಉಸಿರು ಎಲ್ಲಿ ತೆಗೆದುಕೊಂಡರು ಎಂಬುದೂ ನನಗೆ ಬಾಯಿಪಾಠ.

ಅಕ್ಕನ ಹನ್ನೊಂದನೇ ದಿನದ ಕಾರ್ಯಕ್ಕೆ ಬ್ಲಫ್‌ಗೆ ಹೋದೆ. ಅವರ ಒಡಹುಟ್ಟಿದ ಅಕ್ಕನ ಮನೆ. ಜಗಲಿಯ ತುದಿಯಲ್ಲಿ ಒಬ್ಬ ಹೆಂಗಸು ಒಬ್ಬರೇ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೂ ಗುರುತು ಸಿಕ್ಕಿತು: ಕೆರಗೋಡಿನ ಕಡೆಯ ಆ ತಾಯಿ. ಹಿಂದಕ್ಕೆ ಹೋಗೋಣವೆಂದುಕೊಳ್ಳುವಷ್ಟರಲ್ಲಿ ಅವರೇ ನೋಡಿದರು.

"ಬಾ, ಕುಂತ್ಕೊ," ಎಂದರು.

ಕೂತೆ. ಎಲೆ ಹಾಕುವವರ ಓಡಾಟ ನೋಡುತ್ತಾ ಅವರು ಹೇಳತೊಡಗಿದರು.

"ಈವಮ್ಮ ವರ್ಸಕ್ಕೊಂದ್ಸಲ ನಮ್ಮೂರಿಗೆ ಬರೋರು. ನಮ್ಮೆಜಮಾನ್ರು ಓದ್ ದಿನ. ನಾನು ಮೊದ್ಲು ಕೇಳಿದ್ದೆ, ಆ ದನಿ ನನ್ ಫೋನ್ಗೆ ಆಕ್ಕೊಡಿ ಅಂತ. ಅಂಗೆಲ್ಲ ತಗೊಂಡ್ ಬರಂಗಿಲ್ಲ ಕಣವ್ವ ಅಂದ್ರು. ಆಮ್ಯಾಕೆ ಅವರೇ ಬಾಯಲ್ಲಿ ಯೋಳೋರು. ನಮ್ಮೆಜಮಾನ್ರು ಮಾತಾಡ್ದಂಗೇ. ಎಮ್ಮೆಗೆ ಒಂದು ಬುಡೋ ಅಷ್ಟೊತ್ತು ಸುಮ್ಕಿದ್ದು, ಆಮ್ಯಾಕೆ ಯೋಳೋರು."

ಇಷ್ಟು ವರ್ಷದಲ್ಲಿ ಅಕ್ಕ ನನ್ನ ಹತ್ತಿರ ಇದರ ಸುಳಿವೂ ಕೊಟ್ಟಿರಲಿಲ್ಲ.

"ಆದ್ರೆ ಮಧ್ಯ ನಿನ್ ಮಾತು ಬತ್ತದಲ್ಲ, ಅಲ್ಲಿ ಬುಟ್ಬುಡೋರು. ಅದ್ಯಾಕೆ ಯೋಳಕಿಲ್ಲ ಅಂತ ಒಂದ್ಸಲ ಕೇಳ್ದೆ. 'ಅದು ಅವಳ್ದು. ಅವಳೇ ಯೋಳ್ಬೇಕು' ಅಂದ್ರು." ಅವರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಕ್ಷಮೆಯೂ ಇತ್ತೆಂದು ಹೇಳಲಾರೆ. "ಇನ್ನೂ ಒಂದೆಲ್ಡು ವರ್ಸ ಆದ್ರೆ ಅವರ ದನಿ ನಂಗೆ ಪೂರಾ ಮರ್ತೋಯ್ತದೆ. ನಿಂಗೆ ಬತ್ತದಾ?"

"ಬರ್ತದಮ್ಮ."

"ಯೋಳು ಮತ್ತೆ. ನಿಂದೂ ಸೇರ್ಸಿ ಯೋಳು."

ಒಳಗೆ ಯಾರೋ ಊಟಕ್ಕೆ ಏಳಿ ಎಂದು ಕರೆಯುತ್ತಿದ್ದರು. ನಾವು ಏಳಲಿಲ್ಲ. ನಾನು ಆ ತಾಯಿಯ ಪಕ್ಕಕ್ಕೆ ಸರಿದು ಕೂತು, ನಮಸ್ಕಾರ, ಹೇಳಿ ಸಾರ್ ಎಂಬಲ್ಲಿಂದ ಶುರುಮಾಡಿದೆ.